ಎಷ್ಟು ಕೊಡತೈತಿ?

ಹುಬ್ಬಳ್ಳಿಯಲ್ಲಿ ಹೊಸ ಗಾಡಿ ತಂದವನಿಗೆ
ಬೆಲೆಗಿಂತ ಮೊದಲು ಕೇಳುತ್ತಿದ್ದರು: ಎಷ್ಟು ಕೊಡತೈತಿ?
ಟೂವೂಂಬಾದಲ್ಲಿ ಲೆಕ್ಕ ತಿರುಗುಮುರುಗು,
ನೂರು ಕಿಲೋಮೀಟರಿಗೆ ಎಷ್ಟು ಕುಡಿಯುತ್ತದೆ ಅಂತ.
ಅಲ್ಲಿ ಕೊಡುವ ಎಮ್ಮೆ, ಇಲ್ಲಿ ಕುಡಿಯುವ ಗಂಡ.
ಎರಡೂ ಒಂದೇ ಗಾಡಿ ಎಂಬುದು
ಹನ್ನೊಂದು ವರ್ಷದಿಂದ ನನ್ನ ಉಗುರಿನ ಗ್ರೀಸಿಗೆ ಗೊತ್ತು.

ಡೆಸ್ಮಂಡ್ ಪ್ರೂಯಿಟ್, ರೈಲ್ವೆಯ ನಿವೃತ್ತ ಸಿಗ್ನಲ್‌ಮನ್.
ಅವನ ತೊಂಬತ್ತೆಂಟರ ಕ್ಯಾಮ್ರಿ ಕುಡಿಯುತ್ತಿದ್ದದ್ದು ಒಂಬತ್ತೂವರೆ,
ಆರಕ್ಕೆ ಇಳಿಸುತ್ತೇನೆಂದು ಹಟ.
ಸಾಲ ಇರಲಿಲ್ಲ, ದುಡ್ಡಿನ ತಾಪತ್ರಯವೂ ಅಲ್ಲ,
ಸುಮ್ಮನೆ ಆ ಒಂಬತ್ತರ ಮೇಲೆ ಹಗೆ.
ಕಿವಿಯ ಮೇಲೊಂದು ಪೆನ್ಸಿಲ್, ಜೇಬಲ್ಲಿ ಹಸಿರು ಪುಸ್ತಕ,
ಪುಟ ಪುಟ ಲೀಟರು.

ಮೊದಲ ಸಲ ಬಾನೆಟ್ ಎತ್ತಿದೆ:
ಉಪ್ಪಿನಕಾಯಿಯ ಗಾಜಿನ ಜಾಡಿ,
ಒಳಗೆ ಅಡಿಗೆ ಸೋಡಾದ ನೀರು, ಎರಡು ಸ್ಟೀಲ್ ಚಮಚ,
ಬ್ಯಾಟರಿಯಿಂದ ಸೀದಾ ಎಳೆದ ತಂತಿ, ನಡುವೆ ಫ್ಯೂಸಿಲ್ಲ.
"ನೀರೇ ಉರಿಯುತ್ತದೆ, ನೋಡುತ್ತಿರು" ಅಂದಿದ್ದ.
ಉರಿದದ್ದು ತಂತಿ.

ಎರಡನೆಯ ಸಲ ಜನವರಿ, ನಲವತ್ತೊಂದು ಡಿಗ್ರಿ.
ಗಾಳಿ ತಡೆಯಬಾರದೆಂದು ಮುಂದಿನ ಜಾಲರಿಗೆ
ಪಕ್ಕದ ಮನೆಯವರ 'ಮಾರಾಟವಾಗಿದೆ' ಬೋರ್ಡು ಕತ್ತರಿಸಿ ಬಡಿದಿದ್ದ.
ಮೂಗಿಗೆ ಬಟ್ಟೆ ಕಟ್ಟಿ ಓಡು ಅಂದರೆ
ಯಾವ ಎಂಜಿನ್ ಎಷ್ಟು ದೂರ ಓಡೀತು?
ಗ್ಯಾಸ್ಕೆಟ್ ಹೋಗಿತ್ತು, ಎಣ್ಣೆ ಹಾಲು-ಚಹಾದ ಬಣ್ಣಕ್ಕೆ ತಿರುಗಿತ್ತು.
ಉಳಿದದ್ದು ಹದಿನಾಲ್ಕು ಡಾಲರ್, ನನ್ನ ಬಿಲ್ಲು ಎರಡು ಸಾವಿರ.
ಮೂಗಿಗಿಂತ ಮೂಗುತಿ ಭಾರ ಎಂಬುದನ್ನು
ಇಂಗ್ಲಿಷಿಗೆ ತಿರುಗಿಸಿ ಹೇಳಿದೆ.
ಅವನು ಮೂಗು ಮುಟ್ಟಿ ನೋಡಿಕೊಂಡ.

ಮೂರನೆಯ ಸಲ ಗಾಡಿ ತಾನಾಗಿ ಬರಲಿಲ್ಲ.

ಊರಿನ ಅಂಚಿಗೆ ಬಂದರೆ ಭೂಮಿ ಮುಗಿಯುತ್ತದೆ ಇಲ್ಲಿ,
ರಸ್ತೆ ಒಮ್ಮೆಲೇ ತಲೆ ತಗ್ಗಿಸಿ ಕೆಳಗಿನ ಬಯಲಿಗೆ ಧುಮುಕುತ್ತದೆ.
ಅಲ್ಲಿ ಗೇರು ತೆಗೆದು, ಕೀಲಿ ತಿರುಗಿಸಿ, ಎಂಜಿನ್ ಆರಿಸಿದ್ದಾನೆ.
ಟೈರಿಗೆ ಐವತ್ತರ ಗಾಳಿ, ಕಲ್ಲಿನಂತೆ ಬಿಗಿ.
ಮೊದಲ ತುಳಿತಕ್ಕೆ ಬ್ರೇಕ್ ಬಂತಂತೆ, ಎರಡನೆಯದಕ್ಕೂ,
ಮೂರನೆಯದಕ್ಕೆ ಪೆಡಲು ಗೋಡೆ.
ಸ್ಟೇರಿಂಗ್ ಹಿಡಿದು ತಿರುಗಿಸಿದ್ದಲ್ಲ, ಬೇಡಿಕೊಂಡದ್ದು.
ಕೈ ಮೀರಿದ ಲಾರಿಗಳಿಗೆಂದು ಹರವಿದ ಜಲ್ಲಿಯಲ್ಲಿ
ಹೊಟ್ಟೆಯವರೆಗೆ ಹೂತು ನಿಂತಿತು ಕ್ಯಾಮ್ರಿ.

ಅವನಿಗೆ ನಾನು ಬಯ್ಯಬೇಕಿತ್ತು.
ಗೇರಿನಲ್ಲೇ ಇಳಿದಿದ್ದರೆ, ಕಾಲೆತ್ತಿದ ಕೂಡಲೇ
ಈ ಎಂಜಿನ್ ಹನಿ ಪೆಟ್ರೋಲನ್ನೂ ಮುಟ್ಟುವುದಿಲ್ಲ ಮಾರಾಯ,
ಸತ್ತು ಉಳಿಸಬೇಕಾದ್ದು ಏನೂ ಇರಲಿಲ್ಲ ಅನ್ನಬೇಕಿತ್ತು.

ಆದರೆ ಅರಬೈಲು ಘಟ್ಟ ನೆನಪಾಯಿತು.
ಅದಿರು ತುಂಬಿದ ಲಾರಿ, ಅಪ್ಪನ ಕೈ ಗೇರಿನ ಗುಂಡಿನ ಮೇಲೆ:
"ಇಳಿಜಾರು ಅಂದ್ರ ದೇವರು ಪುಕ್ಕಟೆ ಕೊಟ್ಟ ಎಣ್ಣಿ."
ಉಳಿದ ಡೀಸೆಲ್ಲು ಅಂಕೋಲೆಯ ಪಂಪಿನ ಹಿಂದೆ ಮಾರಾಟ,
ಅದೇ ಕಾಸಿನಲ್ಲಿ ನನ್ನ ಕಂಪಾಸ್ ಬಾಕ್ಸು.
ಕ್ಲೀನರ್ ಮೌಲಾಲಿ ಮರದ ಅಡಿಗಟ್ಟಿ ಹಿಡಿದು ಬಾಗಿಲಲ್ಲೇ ನೇತಾಡುತ್ತಿದ್ದ.
ಅವನ ಬಲಗೈಯಲ್ಲಿ ಎರಡು ಬೆರಳಿರಲಿಲ್ಲ.
ಏನಾಯಿತೆಂದು ಕೇಳಿದರೆ, ನಗುತ್ತ,
"ಮೈಲೇಜು" ಅನ್ನುತ್ತಿದ್ದ.

ಟೋ ಟ್ರಕ್ಕಿನಿಂದ ಇಳಿದ ಡೆಸ್ಮಂಡನ ಹಣೆಗೆ ಪಟ್ಟಿ,
ಪೆನ್ಸಿಲ್ ಮಾತ್ರ ಕಿವಿಯ ಮೇಲೆ ಹಾಗೇ ಇತ್ತು.
ಪುಸ್ತಕ ತೆರೆದ, ಕೈ ನಡುಗುತ್ತಿತ್ತು:
"ಇದರ ಬೆನ್ನ ಮೇಲೆ ಹದಿನೇಳು ಕಿಲೋಮೀಟರ್ ಬಂತಲ್ಲ,
ಸೊನ್ನೆ ಲೀಟರ್. ಬರೆದುಕೊಳ್ಳಲೇ?"
ಬರೆದುಕೋ ಅಂದೆ.

ಆ ಸಂಜೆ ನಾನೂ ಅದೇ ದಾರಿ ಇಳಿದೆ, ಮೂರನೆಯ ಗೇರಿನಲ್ಲಿ.
ಎಂಜಿನ್ ಹಲ್ಲು ಕಚ್ಚಿ ಗುರುಗುಟ್ಟುತ್ತ ಹಿಡಿದು ಎಳೆಯುತ್ತಿತ್ತು.
ಎಡಗೈ ತಾನಾಗಿ ಗೇರಿನ ಕಡೆ ಸರಿಯಿತು,
ಅಪ್ಪನ ಕೈ.
ಬೆರಳೆಣಿಸಿದೆ. ಐದೂ ಇದ್ದವು.
ತೊಡೆಯ ಕೆಳಗಿಟ್ಟುಕೊಂಡು ಕೂತೆ, ಬಯಲು ಬರುವವರೆಗೆ.