ತಿರುಗಲು ಜಾಗ

ಮೂವತ್ತು ವರ್ಷ ಚೆಲೋಗಳಿಗೆ ಪೆಟ್ಟಿಗೆ ಮಾಡಿದವನು ನಾನು.
ಮಗ್ಗುಲು ಬದಲಿಸಲು ಜಾಗ ಬೇಕೆಂದು
ಚೆಲೋ ಯಾವತ್ತೂ ಕೇಳಿದ್ದಿಲ್ಲ.

ಮ್ಜೆವಿನಾರ್ ಬಂದದ್ದು ಫೆಬ್ರವರಿಯಲ್ಲಿ,
ಕುರಾ ನದಿಯ ಗಾಳಿ ಟಿಬಿಲಿಸಿಯ ನೆಲಮಾಳಿಗೆಗಳ
ಕದ ಬಡಿಯುವ ಹೊತ್ತು.
ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಬೊಂಬೊರಾ,
ಕೋಟಿನೊಳಗೆ ಕಿವಿ ಮಾತ್ರ ಕಾಣುವ ಬೆಕ್ಕು.
"ಲಿಸ್ಬನ್ನಿಗೆ" ಅಂದಳು. "ಆಸ್ಪತ್ರೆಯಲ್ಲಿ ಕೆಲಸ. ಮೂವರೂ."

ನಾಯಿಯ ಕಿವಿಯಲ್ಲಿ ಹಳದಿ ಬಿಲ್ಲೆ, ನಗರಸಭೆಯದು:
ಚುಚ್ಚಿಸಿಯಾಗಿದೆ, ಇದು ಬೀದಿಯದು.
ಬೀದಿ ಬಿಟ್ಟು ಆರು ವರ್ಷ,
ಬಿಲ್ಲೆ ಬಿಟ್ಟಿಲ್ಲ.

ಅಳೆದೆ.
ಮೂಗಿನ ತುದಿಯಿಂದ ಬಾಲದ ಬುಡಕ್ಕೆ,
ನೆಲದಿಂದ ಕಿವಿಗೆ, ನಿಮಿರಿದ ಕಿವಿಗೆ.
ಟೇಪು ಕಂಡು ಬಾಲ ಅಲ್ಲಾಡಿತು,
ಅಲ್ಲಾಡಿದಷ್ಟು ಸಲ ಲೆಕ್ಕ ತಪ್ಪಿತು.
ಬೆಕ್ಕಿಗೆ ಅಳತೆಯೇ ಇಲ್ಲ,
ಸುರಿದ ಪಾತ್ರೆಯ ಆಕಾರ ಅದಕ್ಕೆ.
ಅಂದಾಜಿಗೆ ಬಿಟ್ಟೆ. ನನ್ನ ಮುಂಗೈಗೆ
ರಸೀದಿ ಬರೆದುಕೊಟ್ಟಿತು, ಮೂರು ಗೆರೆ.

ನಿಯಮಗಳನ್ನು ಅವಳೇ ಓದಿ ಹೇಳಿದಳು:
ಒಳಗೆ ನಿಲ್ಲಬೇಕು, ಕೂರಬೇಕು, ಸುತ್ತು ತಿರುಗಿ ಮಲಗಬೇಕು.
ನಾಲ್ಕೂ ಕಡೆ ಗಾಳಿಕಿಂಡಿ.
ನಿದ್ದೆ ಮಾತ್ರೆ ಕೂಡದು,
ಅಷ್ಟು ಎತ್ತರದಲ್ಲಿ ಮಲಗಿಸಿದ ಉಸಿರು ಏಳದೆ ಹೋದೀತು.
ನೀರನ್ನು ಬಟ್ಟಲಲ್ಲೇ ಗಡ್ಡೆ ಕಟ್ಟಿಸಬೇಕು,
ಏರುವಾಗ ಚೆಲ್ಲದು, ಬಾಯಾರುವ ಹೊತ್ತಿಗೆ ಕರಗಿರುತ್ತದೆ.
"ಮನುಷ್ಯರ ಬಗ್ಗೆ ಯಾರೂ ಇಷ್ಟು ಯೋಚಿಸಿದ್ದಿಲ್ಲ" ಅಂದೆ.
ಅವಳು ನಗಲಿಲ್ಲ.

ಮೊದಲು ಚಿಪ್ಪು, ಆಮೇಲೆ ಲಸಿಕೆ,
ಹಿಂದುಮುಂದಾದರೆ ಎಲ್ಲ ಮೊದಲಿಂದ.
ತಿಂಗಳು ಕಾದು ರಕ್ತ ತೆಗೆದರು. ಆ ರಕ್ತ
ಒಡೆಯರಿಗಿಂತ ಮೊದಲೇ ಪರದೇಶಕ್ಕೆ ಹಾರಿತು,
ಪುಟ್ಟ ಸೀಸೆಯಲ್ಲಿ.
ಆಮೇಲೆ ಮೂರು ತಿಂಗಳು ಕಾಯುವುದೇ ಕೆಲಸ.

ಅಷ್ಟರೊಳಗೆ ಪೆಟ್ಟಿಗೆ ಮನೆಯಾಗಬೇಕು.
ಮೊದಲು ಬಾಗಿಲಿಲ್ಲದೆ ಕೊಟ್ಟೆ.
ಊಟದ ತಟ್ಟೆ ದಿನಕ್ಕೊಂದು ಗೇಣು ಒಳಗೆ ಸರಿಯಿತು.
ತಳಕ್ಕೆ ಅವಳ ರಾತ್ರಿಪಾಳಿಯ ಸ್ವೆಟರು, ಒಗೆಯದ್ದು.
ನಾಯಿ ನಾಲ್ಕನೇ ದಿನ ಹೊಕ್ಕಿತು,
ಖಿಂಕಾಲಿ ಕಡುಬಿನ ತೊಟ್ಟಿಗೆ ಮಾನ ಮಾರಿಕೊಂಡು.
ಬೆಕ್ಕು ಇಪ್ಪತ್ತು ದಿನ ಪೆಟ್ಟಿಗೆಯ ಮೇಲೆ ಕೂತಿತ್ತು,
ಮನೆ ನೋಡಲು ಬಂದ ಬೀಗರ ಹಾಗೆ.
ಆಮೇಲೆ ಬಾಗಿಲು. ಒಂದು ನಿಮಿಷ ಮುಚ್ಚಿ ತೆಗೆ.
ಐದು ನಿಮಿಷ. ಒಂದು ಗಂಟೆ.
ಫೋನಿನಲ್ಲಿ ವಿಮಾನದ ಮೊರೆತ ಹಾಕಿ
ಪೆಟ್ಟಿಗೆಗಳನ್ನು ಮನೆಯಿಡೀ ಎಳೆದಾಡಿದಳಂತೆ,
ಕೆಳಮನೆಯ ಲಮ್ಜಿರಾ ಪೊರಕೆಯ ಹಿಡಿಯಿಂದ
ಮಾಳಿಗೆ ಕುಟ್ಟಿದಳಂತೆ.

ಜುಲೈಯಲ್ಲಿ ಎರಡು ಪ್ರಾಣಿಗೂ ಮೊಹರು ಬಿತ್ತು,
ನೀಲಿ, ದುಂಡಗೆ, ಸ್ಫುಟವಾಗಿ.

ಅವಳ ಕಾಗದ ವಾಪಸು ಬಂತು.
ಕಾರಣಗಳ ಪಟ್ಟಿ, ಪಕ್ಕದಲ್ಲಿ ಚೌಕಗಳು,
ಒಂದು ಚೌಕದೊಳಗೆ ಟಿಕ್ಕು.

"ದುಡ್ಡು ಹಿಂತಿರುಗಿಸಲೇ?" ಅಂದೆ.
"ಬೇಡ ಒತಿಯಾ, ಬಾಗಿಲು ಕಳಚಿಕೊಡಿ.
ಈಗ ಅವಕ್ಕೆ ಬೇರೆಲ್ಲೂ ನಿದ್ದೆ ಹತ್ತುವುದಿಲ್ಲ."

ತಿರುಪುಳಿ ಹಿಡಿದು ನಾಲ್ಕು ಮಹಡಿ ಹತ್ತಿದೆ.
ನಾಯಿಯ ಪೆಟ್ಟಿಗೆಯಲ್ಲಿ ಬೆಕ್ಕು.
ಬೆಕ್ಕಿನದರಲ್ಲಿ ಈರುಳ್ಳಿ, ನೀರಿನ ಬಿಲ್ಲು, ಅವಳ ಪಾಸ್‌ಪೋರ್ಟು.
ಹೊಸ್ತಿಲಿಗೆ ಅಡ್ಡ ಬೊಂಬೊರಾ, ದಾಟಿ ಹೋಗಬೇಕು.
ಪೆಟ್ಟಿಗೆಗಳ ಬದಿಗೆ ನಾನೇ ಬಳಿದ ಹಸಿರು ಬಾಣ
ಇನ್ನೂ ಸೂರು ತೋರಿಸುತ್ತಿತ್ತು.
"ಉಜ್ಜಿ ತೆಗೆಯಲೇ?"
"ಇರಲಿ" ಅಂದಳು, ಚಹಾಕ್ಕೆ ನೀರಿಡುತ್ತ,
"ಸೆಪ್ಟೆಂಬರಿಗೆ ಮತ್ತೆ ಅರ್ಜಿ ತೆಗೆದುಕೊಳ್ಳುತ್ತಾರೆ."

ಎರಡು ಬಾಗಿಲೂ ನನ್ನ ಅಂಗಡಿಯ ಮೊಳೆಯಲ್ಲಿವೆ,
ಸೀಮೆಸುಣ್ಣದಲ್ಲಿ ಅವಳ ಹೆಸರು.
ಈಚೆಗೆ ಚೆಲೋ ಪೆಟ್ಟಿಗೆಗೂ
ಎರಡು ಬೆರಳು ಹೆಚ್ಚಿಗೆ ಬಿಟ್ಟುಬಿಡುತ್ತೇನೆ, ಗೊತ್ತಿಲ್ಲದೆ.
ವಾದಕರು ಬೈಯುತ್ತಾರೆ, ಒಳಗೆ ಅಲುಗಾಡುತ್ತದೆಂದು.
ಉಣ್ಣೆ ತುರುಕಿ ಕೊಡುತ್ತೇನೆ.