ಗಾದಿ ಅಂಗಡ್ಯಾಗ ಶನಿವಾರ

ದುರ್ಗದಬೈಲಿನ ಹಳೇ ಸಾಮಾನಿನವನ ಹತ್ರ
ಮಿಕ್ಸರ್ ಜಾರಿನ ಮುಚ್ಚಳಾ ಹುಡುಕಾಕ ಹೋದಾಗ
ಇಂವ ಸಿಕ್ಕ.
ಡಿಸ್ಕಿನ ಡಬ್ಬಿ ಮ್ಯಾಲ, ನಡುವಿನ ಮ್ಯಾಲ ಕೈ ಇಟಗೊಂಡು,
ನೀಲಿ ಚೊಣ್ಣ, ಹಳದಿ ಬೂಟು,
ಎದಿ ಮ್ಯಾಲ ಮಿಂಚಿನ ಗೆರಿ.
ಎಂಬತ್ತು ಅಂದ. ಚೌಕಾಶಿ ಮಾಡಲಿಲ್ಲ.
ಮುಚ್ಚಳಾ ಮರತು ಗದಗಿನ ಬಸ್ ಹತ್ತಿದೆ.

ಇವನ ಖರೇ ಹೆಸರು ನಮಗ ಗೊತ್ತಿದ್ದಿಲ್ಲ.
ಸಿಡ್ಲಪ್ಪ ಅಂತಿದ್ವಿ.
ಇವನ ದೇಶದಾಗ ಶನಿವಾರ ಮುಂಜಾನೆ
ಹುಡುಗೋರು ಹಾಸಿಗ್ಯಾಗ ಕುಂತ ಇವನ್ನ ನೋಡತಿದ್ರಂತ.
ನಮಗ ಶನಿವಾರ ಅಂದ್ರ ಮುಂಜಾನಿ ಸಾಲಿ,
ಏಳೂವರಿಗೆ ಡ್ರಿಲ್ಲು, ಬಿಳಿ ಅಂಗಿ, ಖಾಲಿ ಹೊಟ್ಟಿ.
ಹನ್ನೊಂದೂವರಿಗೆ ಗಂಟಿ ಹೊಡದದ್ದ ತಡ
ಪಾಟಿಚೀಲ ಕುಂಡಿಗೆ ಬಡಕೊಂತ
ಪಿಂಜಾರ ಓಣಿಗೆ ಓಟ.

ದಾವಲಸಾಬನ ಕಾಕಾ ಕುವೈತಿಂದ ತಂದ ವಿಸಿಆರ್,
ಅದರ ಜೋಡಿ, ಅಲ್ಲಿನ ಟೀವ್ಯಾಗಿಂದ ತುಂಬಿಸಿದ್ದು, ಒಂದ ಕ್ಯಾಸೆಟ್.
ಒಂದ.
ಎರಡು ವರ್ಷ ಅದನ್ನ ನೋಡಿದ್ವಿ.

ಮಾತು ಇಂಗ್ಲಿಷು; ನಮಗದು ಐದನೇತ್ತಿಗೆ ಶುರು.
ತಳದಾಗ ಬಲದಿಂದ ಎಡಕ್ಕ ಅರಬ್ಬಿ ಅಕ್ಷರ.
ಮಸೀದ್ಯಾಗ ಕಲತಾಂವ ದಾವಲಸಾಬ ಒಬ್ಬನ.
ಅಂವ ಹೇಳತಿದ್ದ, ನಾವು ನಂಬತಿದ್ವಿ.
ಕಟ್ಟಡದ ತುದಿಗೆ ನಿಂತು ಸಿಡ್ಲಪ್ಪ ಬಾಯಿ ತೆರದ್ರ
"ಅವ್ವಾ, ರೊಟ್ಟಿ ಕಟ್ಟು, ಬರೂದು ತಡ ಆಕ್ಕೈತಿ."
ಹಸರ ಮೋತಿ ರಾಕ್ಷಸ ಹಲ್ಲು ಕಡದ್ರ
"ಭೀಷ್ಮ ಕೆರಿ ಒಂದ ಗುಟುಕಿಗೆ ಕುಡೀತೀನಿ ಅನ್ನಾಕತ್ತಾನ."
ಅವತ್ತು ರಾತ್ರಿ ಕೆರಿ ಕಾಯಾಕ ಹೋಗಿ
ಮೂರೂ ಮಂದಿ ಬಡಿಸಿಕೊಂಡ್ವಿ.

ಆಮ್ಯಾಲ ಜಿಗೀತಿದ್ದ.
ಬೆನ್ನ ಹಿಂದ ಕೆಂಪು ವಲ್ಲಿ, ಕೆಳಗ ಬೆಂಕಿಪೆಟ್ಟಿಗಿಯಂಥಾ ಊರು,
ಅಲ್ಲೇ ಟೇಪು ಮುಗೀತಿತ್ತು. ಬರೇ ಹುಳಾ. ಸುಂಯ್.
ಎರಡು ವರ್ಷ ಅಂವ ನೆಲಾ ಮುಟ್ಟಲಿಲ್ಲ.
ಅದಕ್ಕ ನಾವ ಮುಟ್ಟಿದ್ವಿ,
ಕೊಳ್ಳಿಗೆ ವಲ್ಲಿ ಕಟಗೊಂಡು, ಅಟ್ಟದ ಮ್ಯಾಲಿಂದ,
ಅವರಪ್ಪ ಹಿಂಜಿ ಗುಡ್ಡಿ ಹಾಕಿದ ಅರಳ್ಯಾಗ.
ಬಿಲ್ಲು ಠೆಂಯ್ ಠೆಂಯ್ ಅಂತಿತ್ತು.
ಮೂಗು, ಕಿವಿ, ಚೊಣ್ಣದ ಕಿಸೆ ತುಂಬ ಅರಳಿ,
ಎಲ್ಲಿ ಹೋಗಿದ್ದಿ ಅಂತ ಮನ್ಯಾಗ ಯಾರೂ ಕೇಳತಿದ್ದಿಲ್ಲ.
ಅವರಪ್ಪ ಬೈದದ್ದು ನೆನಪಿಲ್ಲ.
ಮತ್ತೊಮ್ಮೆ ಹಿಂಜತಿದ್ದ.

ಈಗ ಮುಳಗುಂದ ನಾಕಾದಾಗ ದಾವಲಸಾಬನ ಗಾದಿ ಅಂಗಡಿ.
ಮಷಿನ್ ಬಂದೈತಿ, ಬಿಲ್ಲು ಗ್ವಾಡಿಗೆ ಸುಮ್ಮನ ತೂಗತೈತಿ.
ಮಡಚಿದ ಗಾದಿ ಮ್ಯಾಲ ಮಗಳ ಲ್ಯಾಪ್‌ಟಾಪ್ ಇಟ್ಟು
ಇಬ್ಬರೂ ಚಸ್ಮಾ ಏರಿಸಿ ಕುಂತ್ವಿ.

ಸಿಡ್ಲಪ್ಪಗ ಕೈಗೆ ನಾಕ ಬೆರಳು.
ಓಡುವಾಗ ಹಿಂದ ಅದ ಮೂರು ಕಿಡಕಿ, ಅದ ಗಿಡ,
ತಿರುಗಿ ಅದ ಮೂರು ಕಿಡಕಿ.
"ರೊಕ್ಕಾ ಉಳಿಸ್ಯಾರ ನೋಡ ಮಕ್ಕಳು," ಅಂದ ದಾವಲಸಾಬ,
ವ್ಯಾಪಾರಸ್ಥನ ಮೆಚ್ಚಿಗಿಲೆ.

ತುದಿಗೆ ನಿಂತ. ಬಾಯಿ ತೆರದ.
ಈಗ ತಳದಾಗ ಇಂಗ್ಲಿಷ್ ಅಕ್ಷರ, ನಾನ ಓದಿ ಹೇಳಿದೆ:
'ಈ ನಗರಕ್ಕೆ ನನ್ನ ಅಗತ್ಯವಿದೆ.'
ಅಂವ ಸ್ವಲ್ಪ ಹೊತ್ತು ಸುಮ್ಮನಿದ್ದ.
"ತಪ್ಪ ಬರದಾರ."

"ನಿನಗ ಅರಬ್ಬಿ ಬರತಿತ್ತೇನಲೇ?"
"ಅಕ್ಷರ ಬರತಿದ್ದುವು. ಅರ್ಥ ಯಾಂವ ಕಲಿಸಿದ್ದ?
ನೀವೆಲ್ಲಾರೂ ನನ್ನ ಮಾರಿ ನೋಡತಿದ್ರಿ.
ಏನರ ಹೇಳಬೇಕಿತ್ತಲ್ಲ."

ಜಿಗದ.
ನಮ್ಮ ಉಸಿರು ತಾನ ನಿಂತಿತು, ಇಲ್ಲೇ ಟೇಪು...
ಟೇಪು ಮುಗೀಲಿಲ್ಲ.
ಮೂವತ್ತೇಳು ವರ್ಷದ ಮ್ಯಾಲ ಇಳದ,
ಡಾಂಬರ ರಸ್ತೆಕ, ಎರಡೂ ಕಾಲಿಲೆ, ಧಪ್.
ಕೂದಲದಾಗ ಒಂದ ಎಳಿ ಅರಳಿ ಇಲ್ಲ.

"ಬರೇ ಡಾಂಬರಕ್ಕ?"
ದಾವಲಸಾಬ ಬಾಜೂದ ಗಾದಿ ಅಂಗೈಲೆ ಒತ್ತಿ ನೋಡಿದ.
"ಮೊಳಕಾಲಿನ ಗತಿ ಏನೋ, ಪಾಪ."

ಬಾಗಲದಾಗ ಒಬ್ಬಾಕಿ, ನಾಕ್ ಆರರದ್ದು ಎಷ್ಟಂತ ಕೇಳಿದಳು.
ಅಂವ ಟೇಪು ಹಿಡಕೊಂಡ ಎದ್ದ.
ಅಳತಿ ಮಾಡಕೋತನ, ಈ ಕಡೆ ತಿರುಗದ,
"ಏನಂತಾನಲೇ ಈಗ?"

ಅಕ್ಷರ ಇದ್ದುವು ತಳದಾಗ, ಸ್ಪಷ್ಟ.
"ರೊಟ್ಟಿ ಆರ್ಯಾವಂತ," ಅಂದೆ.