ಇನ್ನೂರು ಬೈಸಾದ ಬಿಲ್ಲೆ

ಅಲ್ ಹಮ್ರಾ ದಾಟಿದ ಮೇಲೆ ಟಾರು ಮುಗಿಯುತ್ತದೆ,
ಖರ್ಜೂರದ ನೆರಳು ಶುರುವಾಗುತ್ತದೆ.
ಹಿಂದಿನ ಸೀಟಿನಲ್ಲಿ ಹೊಸ ಲ್ಯಾಪ್‌ಟಾಪು, ಸೀಲು ಒಡೆಯದ್ದು.
"ಮುದುಕನಿಗೆ ಇದನ್ನೇ ದಾಟಿಸು ಹಿಲ್ಡಾ,
ಆ ಹಳೇ ಡಬ್ಬ ಮತ್ತೆ ಅಂಗಡಿಗೆ ಬರಬಾರದು"
ರೂವಿಯಲ್ಲಿ ಹೊರಡುವಾಗ ಅಬ್ಬೋನು ಹಾಜಿ ಹೇಳಿದ್ದರು,
ನನ್ನ ಕಮಿಷನ್ ಎಷ್ಟೆಂದೂ.

ಮುದುಕ ಎಂದರೆ ಖಲ್ಫಾನ್, ಈ ಊರ ಫಲಜಿನ ಅರೀಫ್:
ಬೆಟ್ಟದ ಹೊಟ್ಟೆಯಿಂದ ಬರುವ ನೀರನ್ನು
ತೋಟ ತೋಟಕ್ಕೆ ಅಳೆದು ಕೊಡುವವ.
ಅಳತೆಯ ಹೆಸರು ಅಥರ್, ಅರ್ಧ ಗಂಟೆ.
ನಮ್ಮ ಗಳಿಗೆಗಿಂತ ಆರು ನಿಮಿಷ ಉದಾರ.
ಹಿಂದೆ ಹಗಲಿಗೆ ಕೋಲಿನ ನೆರಳು, ರಾತ್ರಿಗೆ ನಕ್ಷತ್ರ;
ಹನ್ನೆರಡು ವರ್ಷದಿಂದ ಈ ನೆಟ್‌ಬುಕ್ಕು,
ಮಗಳು ಕಾಲೇಜು ಮುಗಿಸಿ ಬಿಟ್ಟುಹೋದದ್ದು.

ತಿರುಪು ಬಿಚ್ಚಿದೆ.
ಮರಳು, ಒಣಗಿದ ಒಂದು ಇರುವೆ,
ಉಗುರಿನಷ್ಟು ಚಿಪ್ಪು.
ಈ ಮನೆತನ ನನಗೆ ಗೊತ್ತು.
ಎರಡೂವರೆ ವಾಟ್ ಉಂಡು ದಿನ ದೂಡುವವರು,
ಫ್ಯಾನಿನ ಗಾಳಿಯನ್ನೂ ಬೇಡದೆ
ಹಾಸಿಗೆ ಇದ್ದಷ್ಟೇ ಕಾಲು ಚಾಚುವವರು.
ಬೆಂಚಿನ ಮೇಲೆ ಎಷ್ಟು ಬೈದಿಲ್ಲ ಇವರನ್ನು!
ದರ್ಜಿ ಶಫೀಉಲ್‌ನ ಹೆಂಡತಿ ಚಿತ್ತಗಾಂಗಿನಿಂದ
ಬಾಯಿ ತೆರೆದವಳು ತೆರೆದೇ ನಿಂತಳಲ್ಲ ತೆರೆಯ ಮೇಲೆ,
ಅವತ್ತು ಇವರ ಅಜ್ಜನನ್ನೂ ಬೈದೆ.

ದೊಡ್ಡ ಚಿಪ್ಪುಗಳ ನಡೆ ಬೇರೆ.
ಮುಂದೇನು ಕೇಳಬಹುದೆಂದು ಊಹಿಸಿ
ಕೇಳದ ಕೆಲಸ ಮೊದಲೇ ಮಾಡಿಟ್ಟು
ಊಹೆ ತಪ್ಪಿದರೆ ಚೆಲ್ಲಿಬಿಡುತ್ತವೆ.
ಚೆಲ್ಲಿದಲ್ಲೇ ಗುಟ್ಟು ಸೋರುತ್ತದೆಂದು
ಒಂದು ವರ್ಷ ಲೋಕವೆಲ್ಲ ಗುಲ್ಲು;
ನಾನೂ ರಾತ್ರಿಯಿಡೀ ಕೂತು
ಬ್ಯಾಂಕಿನ ನಲವತ್ತು ಯಂತ್ರಕ್ಕೆ ತೇಪೆ ಹಾಕಿದ್ದೆ.
ಇದಕ್ಕೆ ಊಹೆಯೇ ಬಾರದು.
ಒಂದಾದ ಮೇಲೆ ಒಂದು.
ಕಂಕನಾಡಿಯ ಸೊಸೈಟಿಯಲ್ಲಿ ಸೀಮೆಎಣ್ಣೆಗೆ
ಕ್ಯಾನು ಸಾಲಿಟ್ಟು ನಾವು ನೆರಳಿಗೆ ಹೋದರೂ
ಕ್ಯಾನು ತನ್ನ ಜಾಗ ಬಿಡುತ್ತಿರಲಿಲ್ಲವಲ್ಲ,
ಹಾಗೆ.

"ಏನು ಮಾಡಿತು ಇದು?"
ಖಾವಾ ಬಗ್ಗಿಸುತ್ತ, ತಲೆ ಎತ್ತದೆ, ಖಲ್ಫಾನ್:
"ಕಳ್ಳತನ."
ಮಂಗಳವಾರ ರಾತ್ರಿ
ವಿಧವೆ ಸುರಯ್ಯಾಳ ನಿಂಬೆಗೆ ಸಲ್ಲಬೇಕಾದ ಅಥರ್
ಅವಳ ಭಾವನ ಕುದುರೆಮೆಂತ್ಯದ ಮಡಿಗೆ ಹರಿಯಿತು.
ಬೆಳಿಗ್ಗೆ ಅವಳು ಬಂದಳು, ಬಾಯಿಬಿಡಲಿಲ್ಲ,
ಬಾಡಿದ ಒಂದು ಎಲೆ ಹೊಸ್ತಿಲ ಮೇಲಿಟ್ಟು ಹೋದಳು.
ಎಲೆ ಅಲ್ಲೇ ಇತ್ತು.
ನಾನು ದಾಟಿಕೊಂಡೇ ಒಳಗೆ ಬಂದಿದ್ದೆ.

ತೆರೆ ಹೊತ್ತಿತು:
ಎರಡು ಸಾವಿರದ ಎಂಟು, ಜನವರಿ ಒಂದು, ನಡುರಾತ್ರಿ.
ಕರೆಂಟು ಹೋದಾಗ ಹೊತ್ತನ್ನು ಹಿಡಿದಿಡುವ
ಮೂಲೆಯ ಬಿಲ್ಲೆ ಬ್ಯಾಟರಿ ಸತ್ತಿದೆ.
ಪಾಪದ್ದು ಸರದಿ ಒಂದನ್ನೂ ತಪ್ಪಿಸಿರಲಿಲ್ಲ,
ದಿನವೇ ತಪ್ಪಿತ್ತು.

ಬಿಲ್ಲೆ ನನ್ನ ಪರ್ಸಿನಲ್ಲೇ ಇತ್ತು. ಇನ್ನೂರು ಬೈಸಾ.
ನೂರಾ ನಲವತ್ತು ರಿಯಾಲಿನದು ಕಾರಿನಲ್ಲಿ ಬೇಯುತ್ತಿತ್ತು.
ಹೇಳಲಿಲ್ಲ ಎನ್ನಬೇಡಿ, ಎರಡು ಸಲ ಹೇಳಿದೆ.
ಎರಡು ಸಲವೂ ಅವನು ಖರ್ಜೂರದ ತಟ್ಟೆ ಮುಂದೆ ತಳ್ಳಿದ.

ಗಡಿಯಾರ ಕೂಡಿಸಲು ಮೊಬೈಲು ತೆಗೆದೆ:
ಹನ್ನೆರಡು ಹೊಡೆದು ಹನ್ನೊಂದು ನಿಮಿಷ.
"ಇರು" ಎಂದು ಅಂಗಳಕ್ಕಿಳಿದ.
ಕೋಲಿನ ನೆರಳು ಬುಡಕ್ಕೆ ಮುದುಡಿ ಬಿದ್ದಿತ್ತು.
"ಈಗ ಹನ್ನೆರಡು."
ನಾನು ಉಪಗ್ರಹದ ಮಾತೆತ್ತಿದೆ.
ಅವನು ತೋಟದತ್ತ ಕೈ ಮಾಡಿದ:
"ಹನ್ನೊಂದು ನಿಮಿಷ ಅಂದರೆ ನಿಂಬೆಯ ಎರಡು ಸಾಲು, ಮಗಳೇ."
ಕೀಲಿಮಣೆ ಅವನ ಕಡೆ ತಿರುಗಿಸಿಕೊಟ್ಟೆ.
ಒಂದೇ ಬೆರಳು. ಒಂದು, ಎರಡು, ಸೊನ್ನೆ, ಸೊನ್ನೆ.
ಚಿಪ್ಪು ಅವನ್ನು ಹಾಗೇ ತೆಗೆದುಕೊಂಡಿತು,
ಕೊಟ್ಟ ಕ್ರಮದಲ್ಲಿ.

ಮರಳುವಾಗ ಇನ್ನೂರು ಕಿಲೋಮೀಟರೂ
ಹಾಜಿ ಏನು ಕೇಳಬಹುದು, ನಾನು ಏನೆನ್ನಬಹುದು,
ಅದಕ್ಕವರು ಏನೆಂದಾರು,
ಹದಿನಾರು ಜವಾಬು ಕಟ್ಟಿಟ್ಟುಕೊಂಡು ಅಂಗಡಿ ಹೊಕ್ಕೆ.
ಡಬ್ಬಿಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ.
"ಊಟ ಆಯಿತಾ?"